ಕೋಳಿಯ ಕ್ಯಾಸರೋಲೂ ಮನೆಯವರ ಊಟವೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಪರೀಕ್ಷೆಯ ಫಲಿತಾಂಶವನ್ನೋ ಕಟ್ಟಡದ ನಿಧಿಯನ್ನೋ ಕುರಿತು ಬರೆಯುವುದು ವಾಡಿಕೆ. ಆ ಸಂಗತಿಗಳೆಲ್ಲವೂ ವರದಿಯಲ್ಲಿ ಬಂದೇ ಇವೆಯಾದಕಾರಣ, ಈ ಸಲ ನಾವು ಪಾಠದ ಕೊಠಡಿಯನ್ನು ಬಿಟ್ಟು ಅಡಿಗೆಯ ಮನೆಯನ್ನು ಪ್ರವೇಶಿಸಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಇದಕ್ಕೆ ಒಂದು ಕಾರಣವುಂಟು.

ಹೋದ ವರ್ಷ ಹಳೇ ವಿದ್ಯಾರ್ಥಿನಿಯರ ಕೂಟಕ್ಕೆ ಬಂದಿದ್ದ ಒಬ್ಬಾಕೆ, ಎಲ್ಲರೂ ಊಟಕ್ಕೆ ಕುಳಿತಾಗ ನಮ್ಮ ಪಕ್ಕದಲ್ಲಿಯೇ ಕುಳಿತು, ನಗುತ್ತಲೇ ಹೀಗೆಂದಳು: “ಟೀಚರಮ್ಮಾ, ನನಗೆ ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ರಾತ್ರಿ ಮನೆಯವರ ಜೊತೆಯಲ್ಲಿ ಕೂತು ಬಿಸಿಯಾಗಿ ಊಟಮಾಡಿದ್ದನ್ನು ಬೆರಳುಗಳಲ್ಲಿ ಎಣಿಸಬಹುದು. ನಾನು ಚಪಾತಿ ಬೇಯಿಸಿ ಹಾಕುವಷ್ಟರಲ್ಲಿ ಅವರೆಲ್ಲರ ಊಟ ಮುಗಿದಿರುತ್ತದೆ.” ಆ ಮನೆಯಲ್ಲಿ ಜಗಳವಿಲ್ಲ, ಗಂಡನು ಸಾಧು, ಅತ್ತೆಯವರು ಪ್ರೀತಿಯುಳ್ಳವರು, ಮಕ್ಕಳು ಜಾಣರು. ಆಕೆಯೂ ದೂರು ಹೇಳಲಿಲ್ಲ. ಆದರೂ ನಮಗೆ ನಗು ಬರಲಿಲ್ಲ. ನಮ್ಮ ತಾಯಿಯೂ ಒಲೆಯ ಮುಂದೆಯೇ ತಟ್ಟೆಯಿಟ್ಟುಕೊಂಡು, ಎಲ್ಲರೂ ಎದ್ದ ಮೇಲೆ, ತಣ್ಣಗಾದದ್ದನ್ನು ಉಂಡವರೇ ಎಂಬುದು ಆಗ ನೆನಪಿಗೆ ಬಂತು.

ಯೋಚಿಸಿ ನೋಡಿದರೆ ಈ ತೊಂದರೆಗೆ ಮೂಲವು ಪ್ರೀತಿಯ ಕೊರತೆಯಲ್ಲ, ಅಡಿಗೆಯ ರೀತಿಯೇ. ದೋಸೆ, ಚಪಾತಿ, ಪೂರಿ ಮುಂತಾದವು ಕಾವಲಿಯಿಂದ ನೇರವಾಗಿ ತಟ್ಟೆಗೆ ಬಿದ್ದರೆ ಮಾತ್ರ ರುಚಿ. ಆದಕಾರಣ ಉಣ್ಣುವವರು ಕುಳಿತಿರುವಷ್ಟು ಹೊತ್ತೂ ಒಬ್ಬರು ನಿಂತಿರಲೇಬೇಕು. ಇವುಗಳನ್ನು ಬಿಡಿರೆಂದು ನಾವು ಹೇಳುವುದಿಲ್ಲ. ವಾರಕ್ಕೊಂದು ರಾತ್ರಿಯಾದರೂ, ಊಟಕ್ಕೆ ಕೂರುವುದಕ್ಕಿಂತ ಮುಂಚೆಯೇ ಅಡಿಗೆಯವಳ ಕೆಲಸವು ಪೂರ್ತಿಯಾಗಿ ಮುಗಿಯುವಂಥ ಒಂದು ಪದಾರ್ಥವನ್ನು ಅಭ್ಯಾಸಮಾಡಿಕೊಳ್ಳಿರೆಂದು ಹೇಳುತ್ತೇವೆ. ಅಂಥದ್ದೊಂದು ಕೋಳಿಯ ಕ್ಯಾಸರೋಲು.

ಹೆಸರಿನ ವಿಚಾರ

ನಮ್ಮ ದೇಶದಲ್ಲಿ ‘ಕ್ಯಾಸರೋಲು’ ಎಂದೊಡನೆ ಚಪಾತಿಯನ್ನು ಬಿಸಿಯಾಗಿಡುವ ಮುಚ್ಚಳದ ಡಬ್ಬಿಯೇ ಎಲ್ಲರ ಕಣ್ಣ ಮುಂದೆ ನಿಲ್ಲುತ್ತದೆ. ಇಲ್ಲಿ ಹೇಳುವುದು ಅದಲ್ಲ. ಈ ಮಾತು ಫ್ರೆಂಚ್ ಭಾಷೆಯದು. ಅಲ್ಲಿ ಅದಕ್ಕೆ ಹಿಡಿಯುಳ್ಳ ಬೇಯಿಸುವ ಪಾತ್ರೆಯೆಂದು ಅರ್ಥ. ಇಂಗ್ಲಿಷಿನವರ ಬಾಯಲ್ಲಿ ಅದು ಓವನ್ನಿನಲ್ಲಿಡುವ ಆಳವಾದ ಪಾತ್ರೆಗೂ, ಆ ಪಾತ್ರೆಯಲ್ಲಿ ಬೆಂದು ಅದರೊಡನೆಯೇ ಮೇಜಿಗೆ ಬರುವ ಪದಾರ್ಥಕ್ಕೂ ಹೆಸರಾಯಿತು. ಬೇಯಿಸಿದ ಪಾತ್ರೆಯೇ ಬಡಿಸುವ ಪಾತ್ರೆಯಾಗುವುದರಿಂದ ತೊಳೆಯುವ ಕೆಲಸವೂ ಕಡಿಮೆ.

ಈ ಅಡಿಗೆಯು ಮನೆಮನೆಗೂ ಹಬ್ಬಿದ್ದು ವಿಶೇಷವಾಗಿ ಅಮೆರಿಕಾ ದೇಶದಲ್ಲಿ. ಅದಕ್ಕೆ ಸಹಾಯಕವಾದ ವಸ್ತುಗಳು ಎರಡು. ಮೊದಲನೆಯದು ಗಾಜಿನ ಪಾತ್ರೆ. ನ್ಯೂಯಾರ್ಕ್ ಸಂಸ್ಥಾನದ ಕಾರ್ನಿಂಗ್ ಎಂಬ ಊರಿನ ಗಾಜಿನ ಕಾರ್ಖಾನೆಯಲ್ಲಿ ಜೆಸ್ಸಿ ಲಿಟಲ್‌ಟನ್ ಎಂಬ ವಿಜ್ಞಾನಿಯಿದ್ದರು. ಅವರ ಪತ್ನಿ ಬೆಸ್ಸಿಯವರ ಬೇಯಿಸುವ ಪಾತ್ರೆಯೊಂದು ಒಡೆದುಹೋದಾಗ, ಆಕೆಯು ಕಾರ್ಖಾನೆಯ ಗಟ್ಟಿ ಗಾಜಿನಿಂದ ಏನನ್ನಾದರೂ ತಂದುಕೊಡಬಾರದೇ ಎಂದು ಪತಿಯನ್ನು ಕೇಳಿದರು. ಬ್ಯಾಟರಿಯ ಗಾಜಿನ ಜಾಡಿಯ ತಳವನ್ನು ಕೊಯ್ದು ಅವರು ತಂದುಕೊಡಲು, 1913ರಲ್ಲಿ ಆಕೆ ಅದರಲ್ಲಿ ಕೇಕನ್ನು ಬೇಯಿಸಿ ತೋರಿಸಿದರು. ಇದರ ಫಲವಾಗಿ 1915ರಲ್ಲಿ ‘ಪೈರೆಕ್ಸ್’ ಎಂಬ ಹೆಸರಿನ ಪಾತ್ರೆಗಳು ಮಾರಾಟಕ್ಕೆ ಬಂದವು. ಒಬ್ಬ ಗೃಹಿಣಿಯ ಅಡಿಗೆಮನೆಯ ತೊಂದರೆಯು ಒಂದು ಉದ್ಯಮಕ್ಕೆ ದಾರಿಯಾದದ್ದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸತಕ್ಕದ್ದು. ಎರಡನೆಯದು ಡಬ್ಬಿಯ ಸೂಪು. ಕ್ಯಾಂಪ್‌ಬೆಲ್ ಕಂಪೆನಿಯವರು 1934ರಲ್ಲಿ ಅಣಬೆಯ ಗಟ್ಟಿ ಸೂಪನ್ನು ಮಾರತೊಡಗಿದ ಮೇಲೆ, ಅದನ್ನೇ ಸಾಸಾಗಿ ಸುರಿದು ಕ್ಯಾಸರೋಲು ಮಾಡುವುದು ಅಲ್ಲಿನ ಗೃಹಿಣಿಯರಿಗೆ ಸುಲಭವಾಯಿತು. ನಮಗೆ ಆ ಡಬ್ಬಿಯ ಅಗತ್ಯವಿಲ್ಲ. ಬೆಣ್ಣೆ, ಮೈದಾ, ಹಾಲು ಇವು ಮೂರಿದ್ದರೆ ಅದಕ್ಕಿಂತ ಉತ್ತಮವಾದ ಬಿಳಿ ಸಾಸನ್ನು ನಾವೇ ಮಾಡಿಕೊಳ್ಳಬಹುದು.

ನಮ್ಮದೇ ಒಂದು ತಪ್ಪು

ಕ್ರಮವನ್ನು ಹೇಳುವುದಕ್ಕೆ ಮುಂಚೆ ನಮ್ಮ ತಪ್ಪನ್ನೂ ಹೇಳಿಬಿಡುವುದು ನ್ಯಾಯ. ನಾವು ಉಪಾಧ್ಯಾಯಿನಿಯಾಗಿ ಸೇರಿದ ಮೊದಲನೆಯ ವರ್ಷದ ರಜೆಯಲ್ಲಿ, ತಂದೆತಾಯಿಗಳಿಗೆ ಹೊಸ ಅಡಿಗೆಯನ್ನು ಉಣಬಡಿಸಬೇಕೆಂಬ ಉತ್ಸಾಹದಿಂದ ಈ ಪದಾರ್ಥವನ್ನು ಮಾಡಿದೆವು. ಬೆಳಿಗ್ಗೆಯೇ ಮೂಳೆಸಹಿತವಾದ ಹಸಿ ಕೋಳಿಯ ತುಂಡುಗಳನ್ನು ಸಾಸಿನಲ್ಲಿ ಮುಳುಗಿಸಿ, ಶೀತಪೆಟ್ಟಿಗೆಯಲ್ಲಿಟ್ಟು, ರಾತ್ರಿ ತೆಗೆದು ಹಾಗೆಯೇ ಓವನ್ನಿಗೆ ಹಾಕಿದೆವು. ಅರ್ಧ ಗಂಟೆಯಲ್ಲಿ ಮೇಲ್ಭಾಗವು ಹೊಂಬಣ್ಣವಾಯಿತು. ಪರಿಮಳವು ಬೀದಿಗೆ ಹರಡಿತು. ಹೆಮ್ಮೆಯಿಂದ ಮೇಜಿನ ಮೇಲಿಟ್ಟು ಚಮಚೆಯಿಂದ ತೋಡಿದರೆ, ನಡುವಿನ ತುಂಡುಗಳು ಮೂಳೆಯ ಬಳಿಯಲ್ಲಿ ಇನ್ನೂ ಕೆಂಪು! ಎಲ್ಲವನ್ನೂ ಒಳಗೆ ತೆಗೆದುಕೊಂಡು ಹೋಗಿ, ಆ ರಾತ್ರಿ ತಿಳಿಸಾರು ಅನ್ನ ಉಂಡದ್ದಾಯಿತು. ತಂದೆಯವರು ಸಿಟ್ಟಾಗದೆ, “ಮೇಲೆ ಬಣ್ಣ ಬಂದದ್ದೆಲ್ಲಾ ಒಳಗೆ ಬೆಂದದ್ದಲ್ಲ, ಮಗಳೇ” ಎಂದಷ್ಟೇ ಹೇಳಿದರು. ಮಕ್ಕಳ ಅಂಕಪಟ್ಟಿಗಳನ್ನು ನೋಡುವಾಗಲೂ ಆ ಮಾತು ನಮಗೆ ಉಪಯೋಗಕ್ಕೆ ಬಂದಿದೆ.

ಅಂದಿನಿಂದ ನಾವು ಅನುಸರಿಸುತ್ತಿರುವ ನಿಯಮವಿದು: ಕೋಳಿಯನ್ನು ಮೊದಲೇ ಪೂರ್ಣವಾಗಿ ಬೇಯಿಸಿಕೊಳ್ಳತಕ್ಕದ್ದು. ಓವನ್ನಿನ ಕೆಲಸವು ಬಿಸಿಮಾಡುವುದು, ರುಚಿಗಳನ್ನು ಕೂಡಿಸುವುದು, ಮೇಲ್ಭಾಗಕ್ಕೆ ಬಣ್ಣ ಕೊಡುವುದು, ಇಷ್ಟೇ ಆಗಿರಲಿ.

ಬೇಕಾಗುವ ಪದಾರ್ಥಗಳು

ಆರು ಜನರ ಊಟಕ್ಕೆ ಬೇಕಾಗುವ ಪ್ರಮಾಣವನ್ನು ಇಲ್ಲಿ ಕೊಟ್ಟಿದೆ.

ಮೂಳೆಯಿಲ್ಲದ ಕೋಳಿಯ ತೊಡೆಯ ಮಾಂಸ, 750 ಗ್ರಾಂ.
ಆಲೂಗೆಡ್ಡೆ, 400 ಗ್ರಾಂ.
ಕ್ಯಾರೆಟ್ಟು, 200 ಗ್ರಾಂ.
ಹುರುಳಿಕಾಯಿ ಅಥವಾ ಹಸಿ ಬಟಾಣಿ, 100 ಗ್ರಾಂ.
ಈರುಳ್ಳಿ, ನಡುತರದವು 2.
ಬೆಣ್ಣೆ, ಸಾಸಿಗೆ 50 ಗ್ರಾಂ, ಮೇಲ್ಹೊದಿಕೆಗೆ 20 ಗ್ರಾಂ.
ಮೈದಾ, 50 ಗ್ರಾಂ.
ಹಾಲು, 400 ಮಿಲಿಲೀಟರು.
ಕೋಳಿ ಬೇಯಿಸಿದ ನೀರು, 300 ಮಿಲಿಲೀಟರು.
ಒಂದೆರಡು ದಿವಸದ ಬ್ರೆಡ್ಡು, 4 ಹೋಳು.
ಉಪ್ಪು, ಕರಿಮೆಣಸಿನ ಪುಡಿ, ಚಿಟಿಕೆ ಜಾಯಿಕಾಯಿ ಪುಡಿ.

ಎದೆಯ ಮಾಂಸಕ್ಕಿಂತ ತೊಡೆಯ ಮಾಂಸವನ್ನು ನಾವು ಹೇಳುವುದಕ್ಕೆ ಕಾರಣವಿದೆ. ಎದೆಯ ಭಾಗದಲ್ಲಿ ಕೊಬ್ಬು ಕಡಿಮೆ. ಎರಡು ಸಲ ಕಾವು ತಗಲಿದರೆ ಅದು ನಾರುನಾರಾಗಿ ಒಣಗುತ್ತದೆ. ತೊಡೆಯಲ್ಲಿ ಕೊಬ್ಬೂ, ಸ್ನಾಯುಗಳನ್ನು ಬಂಧಿಸುವ ಕೊಲ್ಲಜನ್ ಎಂಬ ಪದಾರ್ಥವೂ ಹೆಚ್ಚು. ಈ ಪದಾರ್ಥವು ನಿಧಾನವಾಗಿ ಬೆಂದಷ್ಟೂ ಕರಗಿ ಮೃದುವಾದ ಅಂಟಿನಂತಾಗಿ ಮಾಂಸಕ್ಕೂ ಸಾಸಿಗೂ ಮೆದುತನವನ್ನು ಕೊಡುತ್ತದೆ. ನಾಟಿ ಕೋಳಿಯಾದರೆ ಅದರ ಮಾಂಸವು ಗಟ್ಟಿ. ಅದನ್ನು ಮೂಳೆಸಹಿತ ಕುಕ್ಕರಿನಲ್ಲಿ ಮೆತ್ತಗಾಗುವ ತನಕ ಬೇಯಿಸಿ, ಆರಿದ ಮೇಲೆ ಮೂಳೆಯನ್ನು ತೆಗೆದುಬಿಡಬೇಕು. ಅದರ ನೀರಿನ ರುಚಿಗೆ ಸಮನಾದದ್ದು ಬೇರೊಂದಿಲ್ಲ.

ಮಾಡುವ ಕ್ರಮ

ಮೊದಲು ಕೋಳಿಯನ್ನು ಎರಡು ಬೆರಳಗಲದ ತುಂಡುಗಳಾಗಿ ಕೊಯ್ದುಕೊಳ್ಳಿರಿ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ರಭಸದಿಂದ ತೊಳೆಯುವ ಪದ್ಧತಿ ನಮ್ಮಲ್ಲಿ ಬಹಳ. ಆದರೆ ಹಾಗೆ ಸಿಡಿಯುವ ಹನಿಗಳ ಮೂಲಕ ರೋಗಾಣುಗಳು ಹತ್ತಿರದ ಪಾತ್ರೆ ತರಕಾರಿಗಳಿಗೆ ಹತ್ತುತ್ತವೆಂದು ಆರೋಗ್ಯಶಾಸ್ತ್ರಜ್ಞರು ಎಚ್ಚರಿಸುತ್ತಾರೆ. ರೋಗಾಣುಗಳನ್ನು ಕೊಲ್ಲುವುದು ನೀರಲ್ಲ, ಬೆಂಕಿ. ತೊಳೆಯಲೇಬೇಕೆನ್ನುವವರು ಪಾತ್ರೆಯಲ್ಲಿ ನೀರಿಟ್ಟು ನಿಧಾನವಾಗಿ ಅದ್ದಿ ತೆಗೆದು, ಆ ಜಾಗವನ್ನೂ ಕತ್ತಿಯನ್ನೂ ಕೈಗಳನ್ನೂ ಸಾಬೂನಿನಿಂದ ತೊಳೆಯಬೇಕು.

ತುಂಡುಗಳನ್ನು ಅರ್ಧ ಲೀಟರು ನೀರಿನಲ್ಲಿ ಒಂದು ಚಹಾ ಚಮಚೆ ಉಪ್ಪಿನೊಡನೆ ಹಾಕಿ, ಕುದಿ ಬಂದ ಮೇಲೆ ಉರಿಯನ್ನು ತಗ್ಗಿಸಿ, ಸುಮಾರು 15 ನಿಮಿಷ ಬೇಯಿಸಿರಿ. ದೊಡ್ಡ ತುಂಡೊಂದನ್ನು ಕೊಯ್ದು ನೋಡಿದರೆ ಒಳಗೆ ಕೆಂಪು ಕಾಣಬಾರದು. ಅಡಿಗೆಯ ಉಷ್ಣಮಾಪಕವುಳ್ಳವರು ಒಳಗಿನ ಉಷ್ಣತೆಯು 74 ಡಿಗ್ರಿ ಸೆಂಟಿಗ್ರೇಡು ಮುಟ್ಟಿದೆಯೇ ಎಂದು ನೋಡಿಕೊಳ್ಳಬಹುದು. ಮಾಂಸವನ್ನು ತೆಗೆದಿಟ್ಟು ನೀರನ್ನು ಶೋಧಿಸಿಡಿ. ಆಲೂಗೆಡ್ಡೆ, ಕ್ಯಾರೆಟ್ಟು, ಹುರುಳಿಕಾಯಿಗಳನ್ನು ಸಣ್ಣಗೆ ಹೆಚ್ಚಿ ಬೇರೆಯಾಗಿ ಬೇಯಿಸಿರಿ. ಇವು ಮುಕ್ಕಾಲುಪಾಲು ಬೆಂದರೆ ಸಾಕು.

ಈಗ ಸಾಸು. ಅನೇಕರು ಹೆದರುವುದು ಇಲ್ಲಿಯೇ, ಏಕೆಂದರೆ ಗಂಟುಕಟ್ಟುತ್ತದೆ. ಕಾರಣವನ್ನು ತಿಳಿದುಕೊಂಡರೆ ಹೆದರಿಕೆಯಿಲ್ಲ. ಒಣ ಹಿಟ್ಟನ್ನು ಬಿಸಿ ದ್ರವಕ್ಕೆ ಹಾಕಿದೊಡನೆ ಹೊರಗಿನ ಹಿಟ್ಟು ಕೂಡಲೇ ಗಂಜಿಯಾಗಿ, ಒಳಗಿನ ಒಣ ಹಿಟ್ಟಿಗೆ ನೀರು ಮುಟ್ಟದಂತೆ ಮುಚ್ಚಿಬಿಡುತ್ತದೆ, ಗಂಟೆಂಬುದು ಇದೇ. ಹಿಟ್ಟನ್ನು ಮೊದಲು ಬೆಣ್ಣೆಯಲ್ಲಿ ಹುರಿದರೆ ಕಣಕಣಕ್ಕೂ ಜಿಡ್ಡು ಹತ್ತಿ, ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಹಾಲಿನಲ್ಲಿ ಹರಡಿಕೊಳ್ಳುತ್ತವೆ. ಆದಕಾರಣ ದಪ್ಪ ತಳದ ಪಾತ್ರೆಯಲ್ಲಿ 50 ಗ್ರಾಂ ಬೆಣ್ಣೆಯನ್ನು ಕರಗಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಬಣ್ಣ ಬಾರದಂತೆ ಬಾಡಿಸಿ, ಮೈದಾವನ್ನು ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿರಿ. ಹಸಿಯ ವಾಸನೆ ಹೋಗಬೇಕು, ಕೆಂಪಾಗಬಾರದು. ಬಳಿಕ ಪಾತ್ರೆಯನ್ನು ಒಲೆಯಿಂದ ಇಳಿಸಿ, ಉಗುರುಬೆಚ್ಚಗಿನ ಹಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾ, ಪ್ರತಿಸಲವೂ ನುಣ್ಣಗಾದ ಮೇಲೆಯೇ ಮುಂದಿನದನ್ನು ಹಾಕುತ್ತಾ ಕಲಸಿ, ಕೊನೆಗೆ ಕೋಳಿಯ ನೀರನ್ನು ಬೆರೆಸಿರಿ. ಮತ್ತೆ ಒಲೆಯ ಮೇಲಿಟ್ಟು ಕುದಿಬರುವ ತನಕ ಕೈಬಿಡದೆ ತಿರುವಬೇಕು. ಕುದಿಯ ಹತ್ತಿರಕ್ಕೆ ಬಂದಾಗಲೇ ಹಿಟ್ಟಿನ ಪಿಷ್ಟವು ನೀರನ್ನು ಹೀರಿ ಉಬ್ಬಿ ಸಾಸು ಪೂರ್ತಿಯಾಗಿ ಗಟ್ಟಿಯಾಗುವುದು. ಚಮಚೆಯ ಬೆನ್ನಿಗೆ ತೆಳ್ಳಗೆ ಹತ್ತಿಕೊಳ್ಳುವಷ್ಟು ಗಟ್ಟಿಯಿದ್ದರೆ ಸಾಕು. ಓವನ್ನಿನಲ್ಲಿ ಇನ್ನೂ ಗಟ್ಟಿಯಾಗುತ್ತದೆ. ರುಚಿ ನೋಡಿ ಉಪ್ಪು, ಮೆಣಸು, ಜಾಯಿಕಾಯಿ ಸೇರಿಸಿರಿ.

ನಮ್ಮ ಹಿರಿಯರಿಗೆ ಬರಿಯ ಬಿಳಿ ಸಾಸು ಸಪ್ಪೆಯಾಗಿ ತೋರುವುದು ಸಹಜ. “ಇದೇನು, ಜ್ವರದವರ ಪಥ್ಯವೇ?” ಎಂದು ಮಾವನವರು ಕೇಳುವ ಮನೆಗಳಲ್ಲಿ ಎರಡು ಹಸಿಮೆಣಸಿನಕಾಯನ್ನೂ ಬೆರಳುದ್ದ ಶುಂಠಿಯನ್ನೂ ಸಣ್ಣಗೆ ಕೊಚ್ಚಿ ಈರುಳ್ಳಿಯೊಡನೆ ಬಾಡಿಸಬಹುದು. ಗರಂ ಮಸಾಲೆಯನ್ನು ಮಾತ್ರ ಸುರಿಯಬೇಡಿರಿ; ಹಾಲು ಬೆಣ್ಣೆಗಳ ಮೆಲುರುಚಿಯನ್ನು ಅದು ನುಂಗಿಬಿಡುತ್ತದೆ.

ಮಾಂಸ, ತರಕಾರಿ, ಸಾಸು ಮೂರನ್ನೂ ಕೂಡಿಸಿ, ಸುಮಾರು ಎರಡೂವರೆ ಲೀಟರು ಹಿಡಿಯುವ, ಒಳಗೆ ಬೆಣ್ಣೆ ಸವರಿದ ಅಗಲವಾದ ಪಾತ್ರೆಗೆ ಹಾಕಿರಿ. ಬ್ರೆಡ್ಡನ್ನು ಕೈಯಿಂದ ಪುಡಿಮಾಡಿ, ಕರಗಿಸಿದ ಬೆಣ್ಣೆಯಲ್ಲಿ ಕಲಸಿ, ಮೇಲೆ ಸಮವಾಗಿ ಹರಡಿರಿ. ಓವನ್ನನ್ನು ಮೊದಲೇ 190 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಪಾತ್ರೆಯನ್ನು ನಡುವಿನ ಅಂತಸ್ತಿನಲ್ಲಿಟ್ಟು, 25ರಿಂದ 30 ನಿಮಿಷ ಬಿಡಿರಿ. ಅಂಚಿನಲ್ಲಿ ಮಾತ್ರವಲ್ಲದೆ ನಡುವಿನಲ್ಲಿಯೂ ಸಾಸು ಗುಳ್ಳೆಯೆದ್ದು ಕುದಿಯಬೇಕು. ಆಗಲೇ ಒಳಗೆಲ್ಲಾ ಬಿಸಿಯಾಯಿತೆಂದು ತಿಳಿಯತಕ್ಕದ್ದು. ಹೊರಗೆ ತೆಗೆದು ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಸಾಸು ಹದವಾಗಿ ನಿಲ್ಲುತ್ತದೆ, ಮಕ್ಕಳ ನಾಲಗೆಯೂ ಸುಡುವುದಿಲ್ಲ.

ಇಷ್ಟು ಕಾವಿನಲ್ಲಿದ್ದರೂ ಮಾಂಸವು ಒಣಗದಿರುವುದೇಕೆಂದು ವಿಜ್ಞಾನದ ತರಗತಿಯ ಹುಡುಗಿಯರು ಕೇಳುವುದುಂಟು. ಸಾಸಿನಲ್ಲಿ ನೀರಿನಂಶವಿರುವವರೆಗೂ ಅದರ ಉಷ್ಣತೆಯು ನೀರು ಕುದಿಯುವ ಮಟ್ಟವನ್ನು, ಅಂದರೆ ಸುಮಾರು 100 ಡಿಗ್ರಿಯನ್ನು, ಮೀರಲಾರದು. ಮೇಲಿನ ಬ್ರೆಡ್ಡಿನ ಪುಡಿಯಾದರೋ ನೀರನ್ನು ಕಳೆದುಕೊಂಡು ಆ ಮಟ್ಟವನ್ನು ದಾಟುತ್ತದೆ. ಆದಕಾರಣ ಕೆಂಪಾಗಿ ಗರಿಗರಿಯಾಗುತ್ತದೆ. ಮೇಲೆ ಗರಿ, ಒಳಗೆ ಮೆದು: ಈ ಪದಾರ್ಥದ ಸುಖವೆಲ್ಲಾ ಇದರಲ್ಲಿದೆ.

ಓವನ್ ಇಲ್ಲದ ಮನೆಯಲ್ಲಿ

ಓವನ್ ಇಲ್ಲವೆಂದು ನಿರಾಶರಾಗಬೇಕಾಗಿಲ್ಲ. ಮುಚ್ಚಳದ ಮೇಲೆ ಕೆಂಡವಿಟ್ಟು ಮೇಲೂ ಕೆಳಗೂ ಕಾವು ಕೊಡುವ ವಿದ್ಯೆಯು ದಮ್ ಬಿರಿಯಾನಿ ಮಾಡುವವರಿಗೆ ತಿಳಿದದ್ದೇ. ಗ್ಯಾಸಿನ ಒಲೆಯಿದ್ದವರು ದಪ್ಪ ಕಾವಲಿಯ ಮೇಲೆ, ಮುಚ್ಚಳ ಬಿಗಿಯಾಗಿರುವ ಲೋಹದ ಪಾತ್ರೆಯನ್ನಿಟ್ಟು, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬಿಡಬಹುದು. ಹೀಗೆ ಮಾಡಿದರೆ ಮೇಲ್ಭಾಗಕ್ಕೆ ಬಣ್ಣ ಬಾರದು. ಆದಕಾರಣ ಬ್ರೆಡ್ಡಿನ ಪುಡಿಯನ್ನು ಬಾಣಲೆಯಲ್ಲಿ ಬೇರೆಯಾಗಿ ಹುರಿದಿಟ್ಟುಕೊಂಡು ಬಡಿಸುವ ಹೊತ್ತಿಗೆ ಉದುರಿಸಬೇಕು.

ಎಚ್ಚರಿಕೆಗಳು

ಗಾಜಿನ ಪಾತ್ರೆಯು ಕಾವನ್ನು ತಾಳುತ್ತದೆ, ಹಠಾತ್ತಾದ ಬದಲಾವಣೆಯನ್ನು ತಾಳದು. ಶೀತಪೆಟ್ಟಿಗೆಯಿಂದ ತೆಗೆದ ಗಾಜಿನ ಪಾತ್ರೆಯನ್ನು ನೇರವಾಗಿ ಕಾದ ಓವನ್ನಿಗೆ ಇಡಬಾರದು. ಬಿಸಿಯಾದದ್ದನ್ನು ಒದ್ದೆ ಕಲ್ಲಿನ ಮೇಲಿಡಬಾರದು. ಒಲೆಯ ಉರಿಗೆ ಹಿಡಿಯಲೇಬಾರದು.

ಮುಂಚಿತವಾಗಿ ಮಾಡಿಡುವವರು ಕೋಳಿಯನ್ನು ಅರ್ಧ ಬೇಯಿಸಿ ಇಡಬಾರದು. ಅರ್ಧ ಬೆಂದ ಮಾಂಸದಲ್ಲಿ ರೋಗಾಣುಗಳು ಸಾಯದೆ ಉಳಿದು, ಬೆಚ್ಚಗಿರುವಾಗ ಶೀಘ್ರವಾಗಿ ವೃದ್ಧಿಯಾಗುತ್ತವೆ. ಪೂರ್ತಿಯಾಗಿ ಬೇಯಿಸಿ, ಸಾಸಿನೊಡನೆ ಸ್ಟೀಲಿನ ಅಗಲ ಪಾತ್ರೆಯಲ್ಲಿ ಬೇಗನೆ ಆರಿಸಿ, ಎರಡು ಗಂಟೆಯೊಳಗಾಗಿ ಶೀತಪೆಟ್ಟಿಗೆಗೆ ಸೇರಿಸಬೇಕು. ಬೇಸಗೆಯ ಸೆಕೆಯಲ್ಲಿ ಒಂದು ಗಂಟೆಯೊಳಗೆ. ಬ್ರೆಡ್ಡಿನ ಪುಡಿಯನ್ನು ಓವನ್ನಿಗಿಡುವಾಗಲೇ ಹಾಕತಕ್ಕದ್ದು. ತಣ್ಣಗಿರುವ ಪದಾರ್ಥಕ್ಕೆ ಓವನ್ನಿನಲ್ಲಿ 45 ನಿಮಿಷವಾದರೂ ಹಿಡಿಯುತ್ತದೆ. ಮೇಲ್ಭಾಗ ಬೇಗ ಕೆಂಪಾದರೆ ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿರಿ. ಬಣ್ಣವನ್ನು ನೋಡಿ ಮೋಸಹೋಗಬೇಡಿರಿ. ನಮ್ಮ ತಂದೆಯವರ ಮಾತನ್ನು ನೆನಪಿಡಿರಿ.

ಕೊನೆಯ ಮಾತು

ಆ ದಿವಸ ಕೂಟದಲ್ಲಿ ಮಾತನಾಡಿದ ಹಳೇ ವಿದ್ಯಾರ್ಥಿನಿಗೆ ಈ ಕ್ರಮವನ್ನು ನಾವು ಬರೆದು ಕಳುಹಿಸಿದೆವು. ಎರಡು ತಿಂಗಳ ಮೇಲೆ ಆಕೆಯ ಪತ್ರ ಬಂತು. ಸಂಜೆ ನಾಲ್ಕಕ್ಕೆ ಆರಂಭಿಸಿ ಐದಕ್ಕೆ ಒಲೆಯ ಕೆಲಸವೆಲ್ಲಾ ಮುಗಿಸಿ, ಪಾತ್ರೆಯನ್ನು ಶೀತಪೆಟ್ಟಿಗೆಗೆ ಸೇರಿಸಿ, ಮಕ್ಕಳ ಪಾಠ ನೋಡಿ, ಏಳಕ್ಕೆ ಮುಂಚೆ ಓವನ್ನಿಗಿಟ್ಟಳಂತೆ. ಮೊದಲನೆಯ ಸಲ ಮೇಲ್ಭಾಗ ಒಂದು ಕಡೆ ಕರಿಕಾಯಿತಂತೆ. “ಆದರೂ ಎಲ್ಲರ ಜೊತೆ ಕೂತೆ, ಟೀಚರಮ್ಮಾ. ಆದರೆ ಕೂತಮೇಲೆ ನೀರಿಗೆಂದು ಒಂದು ಸಲ, ಉಪ್ಪಿನಕಾಯಿಗೆಂದು ಒಂದು ಸಲ, ಚಮಚೆಗೆಂದು ಒಂದು ಸಲ ಎದ್ದೆ. ನಾಲ್ಕನೆಯ ಸಲ ಏಳುವಾಗ ಅತ್ತೆಯವರೇ ಕೈ ಹಿಡಿದು, ‘ಕೂತ್ಕೊಳ್ಳಮ್ಮ, ಹುಡುಗ ತರ್ತಾನೆ’ ಅಂದರು” ಎಂದು ಬರೆದಿದ್ದಳು.

ಈ ಪತ್ರವನ್ನು ಓದಿದ ಮೇಲೆ, ಅಡಿಗೆಯ ಕ್ರಮದಲ್ಲಿ ನಾವು ಒಂದು ಅಂಶವನ್ನು ಬಿಟ್ಟಿದ್ದೆವೆಂದು ನಮಗೆ ತಿಳಿಯಿತು. ಯಾವ ಪಾತ್ರೆಯೂ, ಯಾವ ಓವನ್ನೂ ತಾನಾಗಿ ತಾಯಿಯನ್ನು ಊಟಕ್ಕೆ ಕೂರಿಸಲಾರದು. ಆದಕಾರಣ ಪೋಷಕರಲ್ಲಿ, ವಿಶೇಷವಾಗಿ ತಂದೆಯವರಲ್ಲಿ, ನಮ್ಮ ಅರಿಕೆಯೇನೆಂದರೆ: ಕ್ಯಾಸರೋಲು ಓವನ್ನಿನಲ್ಲಿರುವ ಅರ್ಧ ಗಂಟೆಯಲ್ಲಿ ತಟ್ಟೆ, ಲೋಟ, ನೀರು, ಬ್ರೆಡ್ಡು ಅಥವಾ ಅನ್ನ, ನಿಂಬೆರಸ ಹಿಂಡಿದ ಸೌತೆಕಾಯಿ, ಇವೆಲ್ಲವನ್ನೂ ಮನೆಯ ಉಳಿದವರು ಮೇಜಿಗೆ ತಂದಿಡಲಿ. ಗಂಡುಮಕ್ಕಳಿಗೂ ಈ ಕೆಲಸವನ್ನು ಕಲಿಸಿರಿ. ಹತ್ತು ನಿಮಿಷ ಆರಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿರಿ; ಮೊದಲು ಬಡಿಸಿದ ತಟ್ಟೆಯನ್ನು ಅಡಿಗೆ ಮಾಡಿದವಳ ಮುಂದಿಡಿರಿ. ಅದು ಬಿಸಿಯಾಗಿರುವಾಗಲೇ ಆಕೆ ಉಣ್ಣಲಿ.